ಬಾಗಿಲು ಮುಚ್ಚಿದ ಗ್ಯಾರೇಜಿನ ಮಣ್ಣು

(ಗ್ರಾಮಸ್ಥರು ಹಾಗೂ ವಿದ್ಯಾರ್ಥಿಗಳ ಸಭೆಯಲ್ಲಿ ನೀಡಿದ ಉಪನ್ಯಾಸದ ಬರಹರೂಪ)



ಮಲೆನಾಡಿನಲ್ಲಿ ಸಮತಟ್ಟಾದ ನೆಲಕ್ಕಿರುವ ಬೆಲೆ ಬಯಲುಸೀಮೆಯವರಿಗೆ ಸುಲಭವಾಗಿ ಅರ್ಥವಾಗದು. ಗುಡ್ಡ ಕಡಿದು ಮಣ್ಣು ತುಂಬಿ ಮಾಡಿದ ಹತ್ತು ಗುಂಟೆ ಜಾಗಕ್ಕೆ ಹತ್ತು ಬೇಡಿಕೆಗಳಿರುತ್ತವೆ. ಘಟ್ಟದ ರಸ್ತೆಗಳ ಪಕ್ಕದಲ್ಲಿ ಲಾರಿ, ಜೀಪುಗಳ ರಿಪೇರಿಗೆಂದು ಹುಟ್ಟಿಕೊಂಡ ಗ್ಯಾರೇಜುಗಳು ನಿಂತಿರುವುದು ಇಂಥ ಜಾಗಗಳಲ್ಲೇ. ರಸ್ತೆಯ ದಾರಿ ಬದಲಾದಾಗ, ಮೇಸ್ತ್ರಿ ತೀರಿಕೊಂಡಾಗ, ಮಕ್ಕಳು ಪೇಟೆ ಸೇರಿದಾಗ ಗ್ಯಾರೇಜು ಮುಚ್ಚುತ್ತದೆ. ತಗಡಿನ ಮಾಡು ತುಕ್ಕು ಹಿಡಿಯುತ್ತದೆ, ಅಂಗಳದಲ್ಲಿ ಲಂಟಾನ ಬೆಳೆಯುತ್ತದೆ. ಕೆಲವು ವರ್ಷಗಳ ಬಳಿಕ ಊರಿನವರ ಕಣ್ಣು ಆ ನೆಲದ ಮೇಲೆ ಬೀಳುತ್ತದೆ. ಅಲ್ಲಿ ಅಂಗನವಾಡಿ ಕಟ್ಟೋಣ, ಮಕ್ಕಳಿಗೆ ಆಟದ ಬಯಲು ಮಾಡೋಣ ಎಂಬ ಮಾತು ಬರುತ್ತದೆ. ಮಾತು ಸದುದ್ದೇಶದ್ದೇ. ಆದರೆ ಆ ಮಣ್ಣಿನೊಳಗೆ ಏನಿದೆ ಎಂದು ತಿಳಿಯುವ ಮೊದಲು ಅದರ ಮೇಲೆ ಮಗುವನ್ನು ಆಡಲು ಬಿಡಬಹುದೇ ಎಂಬುದೇ ಇಂದಿನ ವಿಷಯ.

ಬಿಟ್ಟುಹೋದದ್ದು ಏನು?

ಮುಚ್ಚಿದ ಗ್ಯಾರೇಜಿನಲ್ಲಿ ಮೊದಲು ಕಾಣುವುದು ಸುಟ್ಟ ಎಂಜಿನ್ ಆಯಿಲಿನ ಡ್ರಮ್ಮು ಮತ್ತು ಆಯಿಲು ಹೀರಿ ಕಪ್ಪಾದ ನೆಲ. ಹೊಸ ಆಯಿಲಿಗಿಂತ ಸುಟ್ಟ ಆಯಿಲು ಹೆಚ್ಚು ಅಪಾಯಕಾರಿ. ಎಂಜಿನ್ನಿನ ಸವೆತದಿಂದ ಬಂದ ಲೋಹಗಳೂ, ಅಪೂರ್ಣ ದಹನದಿಂದ ಹುಟ್ಟಿದ ಕ್ಯಾನ್ಸರ್‌ಕಾರಕ ಸಂಯುಕ್ತಗಳೂ ಅದರಲ್ಲಿ ಸೇರಿರುತ್ತವೆ. ಗೆದ್ದಲು ಬಾರದಿರಲೆಂದು ಬೇಲಿಗೂಟಕ್ಕೆ, ಕೊಟ್ಟಿಗೆಯ ಮರಮಟ್ಟಿಗೆ ಇದನ್ನೇ ಬಳಿಯುವ ರೂಢಿ ಹಳ್ಳಿಗಳಲ್ಲಿದೆ. ಆ ರೂಢಿ ವಿಷವನ್ನು ಗ್ಯಾರೇಜಿನಿಂದ ಕೊಟ್ಟಿಗೆಗೆ ತರುತ್ತದೆ.

ಎರಡನೆಯದು ಬ್ಯಾಟರಿ. ವಾಹನದ ಬ್ಯಾಟರಿಯ ತೂಕದಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ಸೀಸ ಮತ್ತು ಅದರ ಸಂಯುಕ್ತಗಳದ್ದು. ಉಳಿದುದರಲ್ಲಿ ಮುಖ್ಯವಾದದ್ದು ಗಂಧಕಾಮ್ಲ. ಒಡೆದ ಬ್ಯಾಟರಿಯ ಬುಡದ ಮಣ್ಣಿನಲ್ಲಿ ಸೀಸವಿದೆ ಎಂದೇ ಮೊದಲು ಭಾವಿಸಬೇಕು. ಸೀಸ ಬೆರೆತ ಪೆಟ್ರೋಲಿನ ಮಾರಾಟ ಭಾರತದಾದ್ಯಂತ ನಿಂತದ್ದು 2000ದಲ್ಲಿ. ಅದಕ್ಕೂ ಹಿಂದಿನ ಗ್ಯಾರೇಜಾದರೆ ಪೆಟ್ರೋಲು ಚೆಲ್ಲಿದ ಜಾಗದಲ್ಲೂ ಸೀಸ ಉಳಿದಿರಬಹುದು.

ಇವಲ್ಲದೆ ಹಳೆಯ ಬ್ರೇಕ್ ಲೈನಿಂಗಿನ ಆಸ್ಬೆಸ್ಟಾಸ್ ಧೂಳು, ಥಿನ್ನರು ಮತ್ತು ಬಣ್ಣದ ಡಬ್ಬಿಗಳು, ರೇಡಿಯೇಟರಿನ ಕೂಲೆಂಟು ಇರುತ್ತವೆ. ಕೂಲೆಂಟಿನಲ್ಲಿರುವ ಎಥಿಲೀನ್ ಗ್ಲೈಕಾಲ್ ಸಿಹಿಯಾಗಿರುವುದರಿಂದ ನಾಯಿಗಳು ನೆಕ್ಕಿ, ಮೂತ್ರಪಿಂಡ ಕೆಟ್ಟು ಸಾಯುತ್ತವೆ. ವೆಲ್ಡಿಂಗ್ ನಡೆದಿದ್ದ ಜಾಗವಾದರೆ ಕಾರ್ಬೈಡಿನ ಡಬ್ಬಿ ಉಳಿದಿರಬಹುದು. ಅದಕ್ಕೆ ನೀರು ತಗುಲಿದರೆ ಅಸೆಟಿಲೀನ್ ಅನಿಲ ಹೊಮ್ಮುತ್ತದೆ; ಒಂದು ಬೀಡಿಯ ಕಿಡಿ ಸಾಕು.

ಮಳೆ ಮತ್ತು ಇಳಿಜಾರು

ವರ್ಷಕ್ಕೆ 3000 ಮಿ.ಮೀ. ಮಳೆ ಮಲೆನಾಡಿನ ಅನೇಕ ಊರುಗಳಿಗೆ ಸಾಮಾನ್ಯ. ಆಗುಂಬೆಯಲ್ಲಿ ಅದು 7000 ಮಿ.ಮೀ. ದಾಟುತ್ತದೆ. ಗ್ಯಾರೇಜು ರಸ್ತೆಯ ಬದಿಯಲ್ಲಿರುತ್ತದೆ, ರಸ್ತೆಯ ಕೆಳಗೆ ತೋಟ, ತೋಟದ ಕೆಳಗೆ ಹಳ್ಳ. ಮೇಲಿನದೆಲ್ಲ ಕೆಳಗೆ ಬರಲೇಬೇಕು.

ಆದರೆ ಎಲ್ಲ ವಿಷವೂ ಒಂದೇ ದಾರಿಯಲ್ಲಿ ಸಾಗುವುದಿಲ್ಲ. ಜಂಬಿಟ್ಟಿಗೆ ಮಣ್ಣಿನ ಕಬ್ಬಿಣದ ಆಕ್ಸೈಡುಗಳು ಸೀಸವನ್ನು ಹಿಡಿದಿಟ್ಟುಕೊಳ್ಳುವುದರಿಂದ ಅದು ಬಹುಮಟ್ಟಿಗೆ ಮೇಲ್ಪದರದಲ್ಲೇ ಉಳಿದು, ಕೊಚ್ಚಿಹೋಗುವ ಮಣ್ಣಿನೊಂದಿಗೆ ಪಯಣಿಸುತ್ತದೆ. ಬ್ಯಾಟರಿಯ ಆಮ್ಲ ಸುರಿದ ಕಡೆ ಮಾತ್ರ ಆ ಹಿಡಿತ ಸಡಿಲಗೊಂಡು ಸೀಸ ನೀರಿಗಿಳಿಯುತ್ತದೆ. ಆಯಿಲು ನೀರಿನ ಮೇಲೆ ತೇಲಿ ಹಳ್ಳ ಸೇರುತ್ತದೆ. ಗ್ರೀಸು ತೊಳೆಯಲು ಬಳಸುವ ಕ್ಲೋರಿನ್‌ಯುಕ್ತ ದ್ರಾವಕಗಳು ನೀರಿಗಿಂತ ಭಾರವಾದ್ದರಿಂದ ಜಂಬಿಟ್ಟಿಗೆಯ ರಂಧ್ರಗಳ ಮೂಲಕ ಕೆಳಗಿಳಿದು ಬಾವಿಯ ಸೆಲೆಯನ್ನೇ ಮುಟ್ಟಬಲ್ಲವು. ಮೇಲಿನಿಂದ ಅಬ್ಬಿ ನೀರು ತರುವ ಮನೆಗಳು ಈ ಕಾರಣಕ್ಕೆ ಗ್ಯಾರೇಜಿನ ಸ್ಥಾನವನ್ನು ಮೊದಲು ಗಮನಿಸಬೇಕು.

ದನಕರುಗಳ ವಿಷಯವೂ ಇದೆ. ಬ್ಯಾಟರಿಯ ತಟ್ಟೆಗಳನ್ನು, ಸುಟ್ಟ ಆಯಿಲನ್ನು ನೆಕ್ಕಿ ದನಗಳು ಸೀಸದ ವಿಷಕ್ಕೆ ಬಲಿಯಾಗುವುದು ಪಶುವೈದ್ಯರಿಗೆ ಜಗತ್ತಿನೆಲ್ಲೆಡೆ ಪರಿಚಿತ. ಕಣ್ಣು ಕಾಣದಂತಾಗುವುದು, ಹಲ್ಲು ಕಡಿಯುವುದು, ಸೆಳೆತ ಬರುವುದು ಅದರ ಲಕ್ಷಣಗಳು. ಹಳ್ಳಿಯಲ್ಲಿ ಇದನ್ನು ಹಾವು ಕಡಿತವೆಂದೋ ಬೇರೆ ರೋಗವೆಂದೋ ಭಾವಿಸುವುದು ಸುಲಭ.

ಸೆನೆಗಲ್ ಕಲಿಸಿದ ಪಾಠ

ಸೆನೆಗಲ್ ದೇಶದ ರಾಜಧಾನಿ ಡಕಾರ್‌ನ ಅಂಚಿನಲ್ಲಿ ತಿಯಾರೊಯೆ ಸುರ್ ಮೆರ್ ಎಂಬ ಊರಿದೆ. ಅಲ್ಲಿ ವರ್ಷಗಳ ಕಾಲ ಹಳೆಯ ಬ್ಯಾಟರಿಗಳನ್ನು ಒಡೆದು ಸೀಸ ತೆಗೆಯಲಾಗುತ್ತಿತ್ತು. ಸೀಸದ ಬೆಲೆ ಏರಿದಾಗ ಜನರು ಅದೇ ಮಣ್ಣನ್ನು ಅಗೆದು, ಚೀಲಗಳಲ್ಲಿ ತುಂಬಿ, ಮನೆಗಳಿಗೆ ತಂದು ಜರಡಿ ಹಿಡಿದರು. 2007ರ ನವೆಂಬರಿನಿಂದ 2008ರ ಮಾರ್ಚಿನವರೆಗಿನ ಅವಧಿಯಲ್ಲಿ ಅಲ್ಲಿ 18 ಮಕ್ಕಳು ಸತ್ತರು. ಸತ್ತ ಮಕ್ಕಳ ಒಡಹುಟ್ಟಿದವರನ್ನೂ ತಾಯಂದಿರನ್ನೂ ಪರೀಕ್ಷಿಸಿದಾಗ ಅವರ ರಕ್ತದಲ್ಲೂ ಸೀಸ ವಿಪರೀತವಾಗಿತ್ತು. ಒಂದು ಗ್ಯಾರೇಜಿನ ಮಣ್ಣಿನಲ್ಲಿ ಅಷ್ಟು ಸೀಸವಿರಲಾರದು. ಆದರೂ ಪಾಠ ಒಂದೇ: ಮಣ್ಣು ಮನೆಯೊಳಗೆ ಬಂದಾಗ ಮೊದಲು ಸೋಲುವುದು ಮಗು. ಮಕ್ಕಳು ಕೈಯನ್ನು ಬಾಯಿಗಿಡುತ್ತಾರೆ. ನುಂಗಿದ ಸೀಸವನ್ನು ಅವರ ದೇಹ ದೊಡ್ಡವರಿಗಿಂತ ನಾಲ್ಕೈದು ಪಟ್ಟು ಹೆಚ್ಚು ಹೀರಿಕೊಳ್ಳುತ್ತದೆ. ಸೀಸಕ್ಕೆ ಸುರಕ್ಷಿತ ಪ್ರಮಾಣವೆಂಬುದೇ ತಿಳಿದಿಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ.

ಅಳೆಯುವ ಕ್ರಮ

ಪರಿಶೀಲನೆ ಗುದ್ದಲಿಯಿಂದ ಆರಂಭವಾಗುವುದಿಲ್ಲ, ಪ್ರಶ್ನೆಯಿಂದ ಆರಂಭವಾಗುತ್ತದೆ. ಅಲ್ಲಿ ದುಡಿದವರನ್ನು, ಅಕ್ಕಪಕ್ಕದವರನ್ನು ಕೇಳಬೇಕು: ಆಯಿಲು ಎಲ್ಲಿ ಸುರಿಯುತ್ತಿದ್ದರು? ಬ್ಯಾಟರಿ ಎಲ್ಲಿ ಪೇರಿಸುತ್ತಿದ್ದರು? ನೆಲದಡಿಯಲ್ಲಿ ಟ್ಯಾಂಕು ಇತ್ತೇ? ಹೀಗೆ ಕೇಳುವಾಗ ಮೇಸ್ತ್ರಿಯನ್ನು ಅಪರಾಧಿಯಂತೆ ಕಾಣಬಾರದು. ಬರಿಗೈಯಲ್ಲಿ ಆ ವಿಷವನ್ನು ಮುಟ್ಟಿದವನೂ, ಎಣ್ಣೆಮೆತ್ತಿದ ಅಂಗಿಯಲ್ಲಿ ಅದನ್ನು ಮನೆಗೆ ಹೊತ್ತವನೂ ಅವನೇ.

ಬಳಿಕ ನಕ್ಷೆ. ಇಳಿಜಾರಿನ ದಿಕ್ಕು, ಚರಂಡಿ, ಬಾವಿ, ಕಪ್ಪು ಮಣ್ಣು, ಹುಲ್ಲು ಹುಟ್ಟದ ತೇಪೆಗಳನ್ನು ಗುರುತಿಸಬೇಕು. ವಿದ್ಯಾರ್ಥಿಗಳು ಈ ಎರಡು ಕೆಲಸಗಳನ್ನು ದೂರ ನಿಂತು, ಏನನ್ನೂ ಮುಟ್ಟದೆ ಚೆನ್ನಾಗಿ ಮಾಡಬಲ್ಲರು.

ಮಾದರಿ ಸಂಗ್ರಹ ತಜ್ಞರ ಕೆಲಸ. ಶಂಕಿತ ತಾಣಗಳಲ್ಲಿ ಮೇಲ್ಪದರದಿಂದಲೂ ಆಳದಿಂದಲೂ ಬೇರೆಬೇರೆ ಮಾದರಿ ತೆಗೆಯಬೇಕು. ಹೋಲಿಕೆಗಾಗಿ ಗ್ಯಾರೇಜಿನ ಮೇಲ್ಭಾಗದ ಶುದ್ಧ ಮಣ್ಣೂ ಬೇಕು. ಬಾವಿಯ ನೀರನ್ನು ಮಳೆಗೆ ಮುಂಚೆ ಒಮ್ಮೆ, ಮಳೆಯ ಬಳಿಕ ಒಮ್ಮೆ ಪರೀಕ್ಷಿಸಬೇಕು.

ರೈತರು ಇಲ್ಲಿ ಒಂದು ಸಂಗತಿ ನೆನಪಿಡಬೇಕು. ಮಣ್ಣು ಆರೋಗ್ಯ ಚೀಟಿಯಲ್ಲಿ ದಾಖಲಾಗುವ 12 ಅಂಶಗಳಲ್ಲಿ ಸೀಸವಿಲ್ಲ. ‘ಮಣ್ಣು ಪರೀಕ್ಷೆ ಆಗಿದೆ’ ಎಂಬ ಮಾತ್ರಕ್ಕೆ ಮಣ್ಣು ನಿರ್ವಿಷವೆಂದಲ್ಲ. ಭಾರಲೋಹ ಹಾಗೂ ಖನಿಜತೈಲದ ಅಂಶವನ್ನು ಅಳೆಯುವ ಮಾನ್ಯತೆ ಪಡೆದ ಪ್ರಯೋಗಾಲಯಕ್ಕೇ ಮಾದರಿ ಹೋಗಬೇಕು. ಕುಡಿಯುವ ನೀರಿನಲ್ಲಿ ಸೀಸದ ಮಿತಿ ಭಾರತೀಯ ಮಾನದಂಡದಂತೆ ಲೀಟರಿಗೆ 0.01 ಮಿಲಿಗ್ರಾಂ. ವಾಸದ ನೆಲದ ಮಣ್ಣಿಗೆ ಅಮೆರಿಕದ ಪರಿಸರ ಸಂಸ್ಥೆ ಇಟ್ಟಿದ್ದ ಎಚ್ಚರಿಕೆಯ ಮಟ್ಟ ಕಿಲೋಗ್ರಾಂಗೆ 400 ಮಿಲಿಗ್ರಾಂ. 2024ರಲ್ಲಿ ಅದನ್ನು 200ಕ್ಕೆ ಇಳಿಸಲಾಯಿತು. ಅರಿವು ಹೆಚ್ಚಿದಂತೆ ಮಿತಿ ಇಳಿಯುತ್ತಲೇ ಬಂದಿದೆ.

ಶುದ್ಧಿಯ ಕ್ರಮ

ಮೊದಲು ಮಾಡಬಾರದ್ದನ್ನು ಹೇಳಬೇಕು. ಶ್ರಮದಾನವೆಂದು ನೂರು ಜನ ಸೇರಿ ಕಸವನ್ನೆಲ್ಲ ಒಟ್ಟುಮಾಡಿ ಸುಡಬಾರದು. ಗುಂಡಿ ತೋಡಿ ಹೂಳಬಾರದು. ಸೋಪುಪುಡಿ ಹಾಕಿ ನೆಲ ತೊಳೆಯಬಾರದು; ಅದು ಆಯಿಲನ್ನು ಹಳ್ಳಕ್ಕೆ ಕಳಿಸುವ ಉಪಾಯವಷ್ಟೆ. ಆಯಿಲಿಗೆ ಥಿನ್ನರನ್ನೋ ಕೂಲೆಂಟನ್ನೋ ಬೆರೆಸಬಾರದು. ಬೆರೆತ ಆಯಿಲನ್ನು ಮರುಸಂಸ್ಕರಣೆ ಮಾಡುವುದು ಕಷ್ಟ.

ಮಾಡಬೇಕಾದ ಮೊದಲ ಕೆಲಸ ಮಳೆಯನ್ನು ದೂರವಿಡುವುದು. ಮುಂಗಾರಿಗೆ ಮುನ್ನ ಜಾಗದ ಮೇಲ್ಭಾಗದಲ್ಲಿ ಬಸಿಗಾಲುವೆ ತೆಗೆದು ನೀರನ್ನು ಬೇರೆಡೆಗೆ ತಿರುಗಿಸಬೇಕು; ಕಪ್ಪು ಮಣ್ಣಿಗೆ ಟಾರ್ಪಾಲು ಹೊದಿಸಬೇಕು; ದನ, ಮಕ್ಕಳು ಹೋಗದಂತೆ ಬೇಲಿ ಕಟ್ಟಬೇಕು. ಬಳಿಕ ವಸ್ತುಗಳ ವಿಂಗಡಣೆ. ಬ್ಯಾಟರಿಗಳು ಮಾರಾಟಗಾರರ ಮೂಲಕ ಅಧಿಕೃತ ಮರುಬಳಕೆದಾರರಿಗೆ, ಸುಟ್ಟ ಆಯಿಲು ನೋಂದಾಯಿತ ಸಂಸ್ಕರಣಾ ಘಟಕಕ್ಕೆ, ಉಳಿದ ಅಪಾಯಕಾರಿ ತ್ಯಾಜ್ಯ ದಾಬಸ್‌ಪೇಟೆಯಲ್ಲಿರುವಂಥ ವಿಲೇವಾರಿ ನೆಲೆಗೆ ಹೋಗಬೇಕು.

ಕೊನೆಯದು ಮಣ್ಣು. ಆಯಿಲು ಮಾತ್ರ ಬೆರೆತ ಮಣ್ಣನ್ನು ಸೂಕ್ಷ್ಮಜೀವಿಗಳು ಶುದ್ಧಗೊಳಿಸಬಲ್ಲವು. ನೀರು ಬಸಿಯದ ಹಾಸಿನ ಮೇಲೆ, ಮಾಡಿನಡಿಯಲ್ಲಿ ಆ ಮಣ್ಣನ್ನು ಹರಡಿ, ಸಾರಜನಕ, ರಂಜಕಗಳನ್ನು ಒದಗಿಸಿ, ತೇವ ಕಾಯ್ದು, ಆಗಾಗ ಮಗುಚಿದರೆ ತಿಂಗಳುಗಳಲ್ಲಿ ತೈಲದ ಅಂಶ ಇಳಿಯುತ್ತದೆ. ತೈಲ ತಿನ್ನುವ ಬ್ಯಾಕ್ಟೀರಿಯಗಳ ಮಿಶ್ರಣವಾದ ‘ಆಯಿಲ್‌ಜಾಪರ್’ ಅನ್ನು ಭಾರತದ ಟೆರಿ ಸಂಸ್ಥೆಯೇ ರೂಪಿಸಿದ್ದು, ಅದು ತೈಲಕ್ಷೇತ್ರಗಳ ಕೆಸರಿನ ಮೇಲೆ ಬಳಕೆಯಾಗಿದೆ.

ಸೀಸವನ್ನು ಯಾವ ಜೀವಿಯೂ ತಿಂದು ಮುಗಿಸಲಾರದು. ಅದು ಮೂಲಧಾತು. ಅದನ್ನು ಅಗೆದು ಸಾಗಿಸಬೇಕು, ಇಲ್ಲವೇ ಇದ್ದಲ್ಲೇ ಬಂಧಿಸಬೇಕು. ಸುಣ್ಣದಿಂದ ಆಮ್ಲೀಯತೆ ತಗ್ಗಿಸಿ, ರಂಜಕ ಸೇರಿಸಿದರೆ ಸೀಸ ಕರಗದ ರೂಪಕ್ಕೆ ತಿರುಗುತ್ತದೆ. ಅದರ ಮೇಲೆ ಶುದ್ಧ ಮಣ್ಣು ಅಥವಾ ಕಾಂಕ್ರೀಟು ಹಾಸಬೇಕು. ಅಂಥ ನೆಲ ಬಸ್ ತಂಗುದಾಣಕ್ಕೆ ಆಗಬಹುದು. ಸೊಪ್ಪು, ಗೆಡ್ಡೆಗೆಣಸಿನ ಕೈತೋಟಕ್ಕಾಗಲೀ ಅಂಗನವಾಡಿಯ ಅಂಗಳಕ್ಕಾಗಲೀ ಆಗದು. ಶುದ್ಧಿ ಮುಗಿದ ಮೇಲೆ ಮತ್ತೊಮ್ಮೆ ಪರೀಕ್ಷೆ ಆಗಲೇಬೇಕು.

ಖರ್ಚು ಯಾರದು?

ಮಲಿನಗೊಳಿಸಿದವನೇ ತೆರಬೇಕು ಎಂಬ ತತ್ತ್ವವನ್ನು ಸುಪ್ರೀಂ ಕೋರ್ಟು 1996ರಲ್ಲಿ ರಾಜಸ್ಥಾನದ ಬಿಚ್ಛಡಿ ಗ್ರಾಮದ ಪ್ರಕರಣದಲ್ಲಿ ಎತ್ತಿಹಿಡಿಯಿತು. ಆದರೆ ಹಣ ಕಟ್ಟಿಸುವ ವ್ಯಾಜ್ಯ 2011ರವರೆಗೂ ನಡೆಯಿತು. ಅಷ್ಟರಲ್ಲಿ ಆ ಊರಿನ ಬಾವಿಗಳ ನೀರು ಕಾಯುತ್ತ ಕೂರಲಿಲ್ಲ. ಕೇಂದ್ರ ಸರ್ಕಾರ 2025ರ ಜುಲೈನಲ್ಲಿ ಮಲಿನ ತಾಣಗಳ ನಿರ್ವಹಣಾ ನಿಯಮಗಳನ್ನು ಪ್ರಕಟಿಸಿತು. ಶಂಕಿತ ತಾಣಗಳನ್ನು ಗುರುತಿಸಿ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಗೆ ತಿಳಿಸುವ ಹೊಣೆ ಅದರಂತೆ ಸ್ಥಳೀಯ ಸಂಸ್ಥೆ ಹಾಗೂ ಜಿಲ್ಲಾಡಳಿತದ್ದು; ಸಾರ್ವಜನಿಕರ ದೂರೂ ಅದಕ್ಕೆ ಆಧಾರವಾಗಬಹುದು. ಹೊಣೆಗಾರ ಸಿಗದ ತಾಣಗಳಿಗೆ ಸರ್ಕಾರಗಳೇ ಹಣ ಒದಗಿಸುವ ಅವಕಾಶವೂ ಇದೆ.

ಆದ್ದರಿಂದ ಗ್ರಾಮಸಭೆಯಲ್ಲಿ ಆ ಜಾಗ ಯಾರಿಗೆ ಎಂಬ ಚರ್ಚೆ ಬಂದಾಗ, ಮೊದಲ ಠರಾವು ಪರೀಕ್ಷೆಯ ಕುರಿತಾಗಿರಲಿ. ವಿದ್ಯಾರ್ಥಿಗಳ ನಕ್ಷೆ, ಹಿರಿಯರ ನೆನಪು, ಬಾವಿ ನೀರಿನ ವರದಿ ಆ ಠರಾವಿನೊಂದಿಗೆ ಮಂಡಳಿಗೆ ಹೋಗಲಿ. ಒಂದು ವರ್ಷ ತಡವಾದರೆ ಅಂಗನವಾಡಿ ಒಂದು ವರ್ಷ ತಡವಾಗಿ ಏಳುತ್ತದೆ. ಆತುರದಲ್ಲಿ ಕಟ್ಟಿದರೆ ಅದರ ಲೆಕ್ಕವನ್ನು ಅಲ್ಲಿ ಮಣ್ಣಾಟ ಆಡಿದ ಮಕ್ಕಳು ಬಾಳಿಡೀ ತೀರಿಸಬೇಕಾಗುತ್ತದೆ.