ಬಾರ್ಸಿಲೋನಾ ಬಿ ತಂಡದಿಂದ ಕಂಠೀರವದವರೆಗೆ: ಡಿಮಾಸ್ ಡೆಲ್ಗಾಡೊ ಸವೆಸಿದ ದಾರಿ

ಸ್ಪೇನ್ ಫುಟ್ಬಾಲ್ ಅಂದ ಕೂಡಲೇ ನಮಗೆ ನೆನಪಾಗೋದು ಬಾರ್ಸಿಲೋನಾ, ರಿಯಲ್ ಮ್ಯಾಡ್ರಿಡ್. ಆದರೆ ಆ ದೇಶದಲ್ಲಿ ಫುಟ್ಬಾಲನ್ನೇ ನಂಬಿ ಬದುಕೋ ಬಹುತೇಕರು ಆಡೋದು ಅದಕ್ಕಿಂತ ಕೆಳಗಿನ ವಿಭಾಗಗಳಲ್ಲಿ. ಅಂಥ ಒಬ್ಬರನ್ನು ನಾವು ಬೆಂಗಳೂರಿನಲ್ಲೇ ಕಣ್ಣಾರೆ ನೋಡಿದ್ದೀವಿ. ಡಿಮಾಸ್ ಡೆಲ್ಗಾಡೊ. ಇವತ್ತು ಅವರ ಬಗ್ಗೆ ಮಾತಾಡೋಣ.

ಡಿಮಾಸ್ ಹುಟ್ಟಿದ್ದು 1983ರಲ್ಲಿ, ಬಾರ್ಸಿಲೋನಾ ಪಕ್ಕದ ಸಾಂಟಾ ಕೊಲೋಮಾದಲ್ಲಿ. ಬೆಳೆದದ್ದು ಬಾರ್ಸಿಲೋನಾದ ಬಿ ತಂಡದಲ್ಲಿ. ಇನಿಯೆಸ್ಟಾ, ಮೆಸ್ಸಿ ಮೇಲೆ ಹತ್ತಿದ್ದೂ ಅದೇ ಮೆಟ್ಟಿಲು. ಆದರೆ ಸ್ಪೇನ್‌ನಲ್ಲಿ ಬಿ ತಂಡಕ್ಕೊಂದು ನಿಯಮ ಇದೆ. ಮುಖ್ಯ ತಂಡ ಇರೋ ವಿಭಾಗದಲ್ಲಿ ಅದು ಆಡೋ ಹಾಗಿಲ್ಲ. ಅಂದರೆ ಅದು ಒಂಥರಾ ಕಾಯೋ ಕೋಣೆ. ಇಪ್ಪತ್ಮೂರು ದಾಟೋ ಹೊತ್ತಿಗೂ ಮೇಲಿಂದ ಕರೆ ಬರಲಿಲ್ಲ ಅಂದರೆ, ಸಾಮಾನ್ಯವಾಗಿ ಗಂಟುಮೂಟೆ ಕಟ್ಟಬೇಕು.

ಆಗಿನ ಲೆಕ್ಕ ನೋಡಿ. ಲಾ ಲಿಗಾದಲ್ಲಿ 20 ತಂಡ, ಎರಡನೇ ವಿಭಾಗದಲ್ಲಿ 22, ಅದರ ಕೆಳಗಿನ ಸೆಗುಂಡಾ ಬಿಯಲ್ಲಿ 80. ಆ 80ರಿಂದ ಮೇಲೆ ಬರೋದೇ ದೊಡ್ಡ ಸಾಹಸ.

2007ರಲ್ಲಿ ಡಿಮಾಸ್ ಹೋದದ್ದು ಎರಡನೇ ವಿಭಾಗದ ನುಮಾನ್ಸಿಯಾ ಕ್ಲಬ್‌ಗೆ. ಊರು ಸೋರಿಯಾ. ಜನಸಂಖ್ಯೆ ಸುಮಾರು ನಲವತ್ತು ಸಾವಿರ ಅಷ್ಟೇ. ಮರುವರ್ಷವೇ ಆ ಪುಟ್ಟ ಕ್ಲಬ್ ಲಾ ಲಿಗಾಕ್ಕೆ ಏರಿತು. 2008ರ ಆಗಸ್ಟ್ 31ರಂದು ಮೊದಲ ಪಂದ್ಯದಲ್ಲೇ ಬಾರ್ಸಿಲೋನಾವನ್ನು 1-0ಯಿಂದ ಸೋಲಿಸಿತು! ಅದು ಕೋಚ್ ಆಗಿ ಗಾರ್ಡಿಯೋಲಾ ಅವರ ಮೊದಲ ಲಾ ಲಿಗಾ ಪಂದ್ಯ. ಆದರೆ ಖುಷಿ ಒಂದೇ ವರ್ಷ. ಸೀಸನ್ ಮುಗಿದಾಗ ನುಮಾನ್ಸಿಯಾ ಮತ್ತೆ ಕೆಳಗೆ.

ಆಮೇಲೆ ಸ್ಪೇನ್‌ನ ಅತಿ ಹಳೆಯ ಕ್ಲಬ್, 1889ರ ರೆಕ್ರಿಯಾಟಿವೊ. ಹೆಸರು ದೊಡ್ಡದು, ಆದರೆ ಸಾಲದ ಹೊರೆ. 2015ರಲ್ಲಿ ಅದು ಮೂರನೇ ವಿಭಾಗಕ್ಕೆ ಕುಸಿಯಿತು. ಡಿಮಾಸ್ ಆಸ್ಟ್ರೇಲಿಯಾದ ವಿಮಾನ ಹತ್ತಿ ವೆಸ್ಟರ್ನ್ ಸಿಡ್ನಿ ಸೇರಿದರು. 2017ರಲ್ಲಿ ಬೆಂಗಳೂರು ಎಫ್‌ಸಿ. ಆಗ ವಯಸ್ಸು 34.

"ಬಾರ್ಸಿಲೋನಾದಲ್ಲಿ ಜಾಗ ಸಿಗದೆ ಇಲ್ಲಿಗೆ ಬಂದವರು" ಅಂತ ಕೆಲವರು ಹಗುರವಾಗಿ ಮಾತಾಡ್ತಾರೆ. ನಾನಂತೂ ಒಪ್ಪಲ್ಲ. ಕ್ಲಬ್ ಕುಸಿದಾಗ, ಕೋಚ್ ಬದಲಾದಾಗ, ಒಪ್ಪಂದ ಮುಗಿದಾಗ ಮತ್ತೆ ಹೊಸ ಊರಲ್ಲಿ ತಾನೇನು ಅಂತ ತೋರಿಸಬೇಕು. ಸ್ಟಾರ್‌ಗೆ ಕೆಟ್ಟ ಸೀಸನ್ ಅಂದರೆ ಟೀಕೆ. ಇಂಥವರಿಗೆ ಕೆಟ್ಟ ಸೀಸನ್ ಅಂದರೆ ಮುಂದಿನ ವರ್ಷದ ಸಂಬಳವೇ ಅನುಮಾನ. ಹಾಗೆ ಹದಿನೈದು ವರ್ಷ ದಾಟಿ ಬಂದವರ ಕಾಲಲ್ಲಿ ಕಸುಬು ಗಟ್ಟಿಯಾಗಿರುತ್ತೆ.

ಸಾಕ್ಷಿ ಬೇಕಾ? 2018ರ ಮಾರ್ಚ್‌ನಲ್ಲಿ ನಮ್ಮ ಕಂಠೀರವದಲ್ಲೇ ನಡೆದ ಐಎಸ್‌ಎಲ್ ಫೈನಲ್‌ನಲ್ಲಿ ಚೆನ್ನೈಯಿನ್ ವಿರುದ್ಧ 3-2ರ ಸೋಲು. ಸರಿಯಾಗಿ ಒಂದು ವರ್ಷಕ್ಕೆ ಮುಂಬೈಯಲ್ಲಿ ಗೋವಾ ವಿರುದ್ಧ ಮತ್ತೆ ಫೈನಲ್. ತೊಂಬತ್ತು ನಿಮಿಷ ಗೋಲಿಲ್ಲ. ಹೆಚ್ಚುವರಿ ಸಮಯವೂ ಇನ್ನೇನು ಮುಗೀಬೇಕು, ಆಗ ಕಾರ್ನರ್. 36 ವರ್ಷದ ಡಿಮಾಸ್ ಚೆಂಡನ್ನು ಅಳತೆ ಮಾಡಿದ ಹಾಗೆ ಕಳಿಸಿದರು, ರಾಹುಲ್ ಭೆಕೆ ತಲೆ ಕೊಟ್ಟರು. 1-0. ಬೆಂಗಳೂರಿಗೆ ಮೊದಲ ಐಎಸ್‌ಎಲ್ ಕಿರೀಟ.

ಗೋಲು ಭೆಕೆ ಹೆಸರಲ್ಲಿದೆ, ಅದು ಸರಿಯೇ. ಮುಂದಿನ ಸಲ ಆ ವಿಡಿಯೋ ನೋಡುವಾಗ ಎರಡು ಸೆಕೆಂಡ್ ಹಿಂದಕ್ಕೆ ಹೋಗಿ, ಚೆಂಡು ಹೊರಟ ಮೂಲೆಯನ್ನೂ ನೋಡಿ. ಮತ್ತೆ ಸಿಗೋಣ.