ಸ್ನಾಯುವಿಗೆ ಹೋಗಬೇಕಾದ ಕಾಗದ



ನಾನು ಪಿಯುಸಿ ಓದಿದವನು, ರಾಮನಗರದಲ್ಲಿ ಪ್ರೆಸ್ ಇಟ್ಟವನು. ಮಾಗಡಿ ಕಡೆಯ ತಂದೆಯೊಬ್ಬರು ಮಗನ ಆಸ್ಪತ್ರೆ ರಿಪೋರ್ಟ್ ತಂದು, "ಅಣ್ಣ, ಇದರಾಗೆ ಏನೈತೆ?" ಅಂದರು. ಪೂರ್ತಿ ಇಂಗ್ಲಿಷು. ಡುಷೇನ್ ಮಸ್ಕ್ಯುಲರ್ ಡಿಸ್ಟ್ರೋಫಿ! ತಿಳಿದವರನ್ನು ಕೇಳಿ ಹೇಳಿದೆ. ನಿಮಗೂ ಹೇಳುತ್ತೇನೆ.

ಡಿಸ್ಟ್ರೋಫಿನ್ ಎಂಬ ಪ್ರೋಟೀನಿನ ವಂಶವಾಹಿ ಕೆಟ್ಟರೆ ಗಂಡುಮಕ್ಕಳ ಸ್ನಾಯು ಸವೆಯುತ್ತದೆ. ಮೊಳೆ ಬಿದ್ದುಹೋದ ಫಾರಂನಿಂದ ಎಷ್ಟು ಪ್ರತಿ ತೆಗೆದರೂ ತಪ್ಪೇ ತಾನೆ? ಸರಿಯಾದ ಪ್ರತಿ ಸ್ನಾಯುವಿಗೆ ತಲುಪಬೇಕು. 1990ರಲ್ಲಿ ಅಮೆರಿಕದ ಜಾನ್ ವುಲ್ಫ್ ತಂಡ ಬರೀ ಡಿಎನ್‌ಎಯನ್ನೇ ಇಲಿಯ ಸ್ನಾಯುವಿಗೆ ಚುಚ್ಚಿತು. ಅಷ್ಟಿಷ್ಟು ಕೆಲಸ ಮಾಡಿತು. 2023ರಲ್ಲಿ ಅಮೆರಿಕ ಒಪ್ಪಿದ ಔಷಧಕ್ಕೆ ವೈರಸ್ಸೇ ಲಕೋಟೆ. ಅದರಲ್ಲಿ ಹಿಡಿಯುವುದು ಸುಮಾರು 5,000 ಅಕ್ಷರ. ಡಿಸ್ಟ್ರೋಫಿನ್ ಸಂದೇಶ ಸುಮಾರು 14,000 ಅಕ್ಷರ. ಹಾಗಾಗಿ ಗಿಡ್ಡ ಪ್ರತಿ. ಬೆಲೆ 32 ಲಕ್ಷ ಡಾಲರ್!

ಪ್ಲಾಸ್ಟಿಕ್ ಜಾತಿಯ ಪಾಲಿಮರ್ ಲಕೋಟೆಗೆ ಇಂಥ ಅಳತೆಯ ಕಟ್ಟಿಲ್ಲ. ಪೊಲೊಕ್ಸಮರ್ ಬೆರೆಸಿದಾಗ ಇಲಿಯ ಸ್ನಾಯುವಿನಲ್ಲಿ ಡಿಎನ್‌ಎ ಹೆಚ್ಚು ಕೆಲಸ ಮಾಡಿದೆ. ಆದರೆ ಈ ಕಾಯಿಲೆಗೆ ಅದು ಇನ್ನೂ ಔಷಧವಾಗಿಲ್ಲ.

ಆದ್ದರಿಂದ ಚನ್ನಪಟ್ಟಣ, ಕನಕಪುರದ ತಾಯಂದಿರೇ, ಗುಣಮಾಡುತ್ತೇವೆ ಎನ್ನುವವರಿಗೆ ಹೊಲ ಮಾರಿ ದುಡ್ಡು ಸುರಿಯಬೇಡಿ. ನಿಮ್ಹಾನ್ಸ್‌ನಲ್ಲಿ ತೋರಿಸಿ. "ಕನ್ನಡದಲ್ಲಿ ಬಿಡಿಸಿ ಹೇಳಿ ಸ್ವಾಮಿ" ಎಂದು ಕೇಳಿ. ಮಗುವಿನ ಕಾಯಿಲೆ ತಾಯಿಗೆ ಅರ್ಥವಾಗಬೇಡವೇ?