ತಾರೀಖು ಒಂದು, ಓದು ಎರಡು



ರಾಜ್ಯೋತ್ಸವದ ವೇದಿಕೆಯ ಮೇಲೆ ನಿಂತು ನಾಡಿನ ಚರಿತ್ರೆಯನ್ನೂ ನುಡಿಯ ಹಿರಿಮೆಯನ್ನೂ ಹೇಳಬಲ್ಲ ವಿದ್ವಾಂಸರು ಅನೇಕರಿದ್ದಾರೆ. ಬ್ಯಾಂಕಿನ ಗುಮಾಸ್ತರಾದ ನಮಗೆ ಆ ಅಧಿಕಾರವಿಲ್ಲ. ಸಹಿ, ಮೊಬಲಗು, ತಾರೀಖು, ಈ ಮೂರನ್ನು ನೋಡುವುದರಲ್ಲಿಯೇ ನಮ್ಮ ದಿನ ಕಳೆಯುತ್ತದೆ. ಆದುದರಿಂದ ತಾರೀಖಿನ ವಿಷಯವಾಗಿಯೇ ನಾಲ್ಕು ಮಾತು ಹೇಳಲು ಅಪ್ಪಣೆ ಬೇಡುತ್ತೇವೆ.

ಈ ಹಬ್ಬದ ದಿನವನ್ನೇ ನೋಡಿರಿ. 1956ರ ನವೆಂಬರ್ 1ರಂದು ಹರಿದು ಹಂಚಿಹೋಗಿದ್ದ ಕನ್ನಡ ಸೀಮೆಗಳು ಒಂದು ರಾಜ್ಯವಾದುವು. 1973ರ ನವೆಂಬರ್ 1ರಂದು ಆ ರಾಜ್ಯಕ್ಕೆ ಕರ್ನಾಟಕವೆಂದು ಹೆಸರಾಯಿತು. ಈ ದಿನವನ್ನು ನಾವು 1-11 ಎಂದು ಬರೆಯುತ್ತೇವೆ. ಅಮೆರಿಕದವರು ಅದನ್ನೇ ಓದಿದರೆ ಜನವರಿ 11 ಆಗುತ್ತದೆ. ಸಂಕ್ರಾಂತಿಗೆ ಇನ್ನು ಮೂರು ನಾಲ್ಕು ದಿನ! ಅವರಲ್ಲಿ ತಿಂಗಳು ಮೊದಲು, ದಿನ ಆಮೇಲೆ.

ಇದು ನಕ್ಕು ಬಿಡುವ ಮಾತೆಂದೇ ನಾವೂ ತಿಳಿದಿದ್ದೆವು. ಒಂದು ಸೆಪ್ಟೆಂಬರಿನ 12ನೆಯ ತಾರೀಖು ವಿಜಯಪುರ ಸೀಮೆಯ ವೃದ್ಧ ತಾಯಿಯೊಬ್ಬರು ನಮ್ಮ ಕಿಟಕಿಗೆ ಬಂದು ಒಂದು ಚೆಕ್ಕನ್ನು ಮುಂದಿಟ್ಟರು. ತಾರೀಖಿನ ಜಾಗದಲ್ಲಿ 09, 06 ಎಂದಿತ್ತು. ಚೆಕ್ಕಿನ ಆಯುಷ್ಯ ಮೊದಲು ಆರು ತಿಂಗಳಿದ್ದುದು 2012ರ ಏಪ್ರಿಲ್ 1ರಿಂದ ಮೂರೇ ತಿಂಗಳಾಗಿದೆ. ಜೂನ್ 9ರ ಚೆಕ್ಕು, ಮೂರು ದಿನದ ಹಿಂದೆಯೇ ಸತ್ತಿದೆ ಎಂದು ಲೆಕ್ಕ ಹಾಕಿ, “ಅವ್ವಾ, ಇದು ಹಳೇ ಚೆಕ್ಕು, ನಡೆಯೂದಿಲ್ಲ” ಎಂದು ಹಿಂದಕ್ಕೆ ಕೊಟ್ಟೆವು. ಹಿಂದೆ ಸಾಲು ಬೆಳೆದಿತ್ತು. ಮತ್ತೊಂದು ಮಾತು ಕೇಳಲಿಲ್ಲ.

ಎಂಟು ದಿನದ ಮೇಲೆ ಅವರು ಪುನಃ ಬಂದರು. “ತಮ್ಮಾ, ಹಣಾ ಬ್ಯಾಡ. ಒಂದ ಮಾತ ಹೇಳು. ನನ್ನ ಮಗಾ ನಡೀಲಾರದ ಚೆಕ್ಕ ಕೊಟ್ಟ ಹೋಗ್ಯಾನೇನು?” ಎಂದು ಕೇಳಿದರು. ಮಗ ಅಮೆರಿಕದಲ್ಲಿದ್ದಾನಂತೆ. ರಜೆಯಲ್ಲಿ ಬಂದವನು ತಾಯಿಯ ಕಣ್ಣಿನ ಆಪರೇಷನ್ನಿಗೆಂದು, ನಮ್ಮಲ್ಲಿದ್ದ ತನ್ನ ಖಾತೆಯ ಮೇಲೆ ಚೆಕ್ಕು ಬರೆದುಕೊಟ್ಟು ಹೋಗಿದ್ದಾನೆ. ಯಾವಾಗ ಬರೆದನೆಂದು ಆಗ ಕೇಳಿದೆವು. “ಹೋಗೂ ಮುಂದ, ಇದ ತಿಂಗಳ ಆರಕ್ಕ.” ಸೆಪ್ಟೆಂಬರ್ 6! ಆ ದೇಶದ ಅಭ್ಯಾಸದ ಕೈ, ಮನೆಗಳ ಕೆಳಗೆ ದಿನ, ತಿಂಗಳು ಎಂದು ಅಚ್ಚಾಗಿದ್ದರೂ ತಿಂಗಳನ್ನೇ ಮೊದಲು ಬರೆದಿತ್ತು. ಈ ಎಂಟು ದಿನ ಆ ತಾಯಿ ಮಗನ ಫೋನನ್ನು ಎತ್ತಿರಲಿಲ್ಲ. ನಾವು ಕಾಯಿದೆ ತಪ್ಪಿರಲಿಲ್ಲ. ಬರೆದಂತೆ ಆ ಚೆಕ್ಕು ನಡೆಯುವುದೂ ಇರಲಿಲ್ಲ. ಆದರೆ ಒಂದು ಪ್ರಶ್ನೆ ಕೇಳಿದ್ದರೆ ತಾಯಿ ಮಕ್ಕಳ ನಡುವೆ ಆ ಮೌನ ಬರುತ್ತಿರಲಿಲ್ಲ. ಅದು ಇಂದಿಗೂ ನಮ್ಮನ್ನು ಚುಚ್ಚುತ್ತದೆ.

ಇಂತಹ ಗೊಂದಲಕ್ಕೆ ಎಡೆ ಎಷ್ಟಿದೆಯೆಂದು ಗುಣಿಸಿ ನೋಡಿದೆವು. 13ರಿಂದ ಮುಂದಿನ ದಿನಗಳಿಗೆ ಭಯವಿಲ್ಲ, ಹದಿಮೂರನೆಯ ತಿಂಗಳೆಂಬುದಿಲ್ಲ. ಮುಂಬಯಿಯ ಮೇಲೆ 2008ರಲ್ಲಿ ದಾಳಿ ನಡೆದ 26/11ನ್ನು ಯಾರೂ ತಪ್ಪಾಗಿ ಓದಲಾರರು. ಆದರೆ 2001ರಲ್ಲಿ ಅಮೆರಿಕದ ಮೇಲಾದ ದಾಳಿಯ 9/11 ಅವರಿಗೆ ಸೆಪ್ಟೆಂಬರ್ 11, ನಮ್ಮ ಕ್ರಮದಲ್ಲಿ ನವೆಂಬರ್ 9. ತಿಂಗಳಿನ ಮೊದಲ ಹನ್ನೆರಡು ದಿನಗಳಲ್ಲಿ, ದಿನವೂ ತಿಂಗಳೂ ಒಂದೇ ಅಂಕೆಯಾದದ್ದನ್ನು ಬಿಟ್ಟರೆ, ಹನ್ನೊಂದು ಸಂದೇಹದವು, ವರ್ಷಕ್ಕೆ 132. ಈಗ ಪತ್ರಗಳು ಈಮೇಲಿನಲ್ಲಿಯೂ ವಾಟ್ಸಾಪಿನಲ್ಲಿಯೂ ಕ್ಷಣದಲ್ಲಿ ಸಮುದ್ರ ದಾಟುತ್ತವೆ. ಹಿಂದಿನಂತೆ ಅಂಚೆಯ ಮುದ್ರೆ ನೋಡಿ ತಿದ್ದಿಕೊಳ್ಳುವ ಅನುಕೂಲವೂ ಇಲ್ಲ. ಅಮೆರಿಕದ ಕ್ರಮಕ್ಕೆ ಹೊಂದಿಸಿದ ಕಂಪ್ಯೂಟರಿನಲ್ಲಿ 5/4 ಎಂದು ಬೆರಳಚ್ಚಿಸಿದರೆ ಅದು ಮೇ 4 ಎಂದೇ ತಿಳಿಯುತ್ತದೆ, ನಮ್ಮನ್ನು ಕೇಳುವುದಿಲ್ಲ.

ಹಾಗೆಂದು ಅಮೆರಿಕದವರನ್ನು ಹಳಿಯುವುದು ನ್ಯಾಯವಲ್ಲ. ನಾವೂ ಬಾಯಲ್ಲಿ “ನವೆಂಬರ್ ಒಂದು”, “ಆಗಸ್ಟ್ ಹದಿನೈದು” ಎಂದು ತಿಂಗಳನ್ನೇ ಮೊದಲು ಹೇಳುತ್ತೇವೆ. ಬರೆಯುವಾಗ ಮಾತ್ರ ತಿರುಗಿಸುತ್ತೇವೆ. ಚೀನ ಜಪಾನುಗಳಲ್ಲಿ ವರ್ಷ ಮೊದಲು, ತಿಂಗಳು ಆಮೇಲೆ, ದಿನ ಕೊನೆಗೆ. ಅಂತಾರಾಷ್ಟ್ರೀಯ ಮಾನಕ ಸಂಸ್ಥೆಯು 1988ರಲ್ಲಿ 8601ನೆಯ ಸಂಖ್ಯೆಯ ಮಾನಕದಲ್ಲಿ ಗೊತ್ತುಮಾಡಿದ್ದೂ ಇದೇ ಕ್ರಮ. ನಮ್ಮ ಹಿರಿಯರಿಗೆ ಇದು ಹೊಸದಲ್ಲ. ಶಾಸನಗಳಲ್ಲಿ ಶಕವರ್ಷ, ಸಂವತ್ಸರ, ಮಾಸ, ಪಕ್ಷ, ತಿಥಿ, ವಾರ ಎಂದು ದೊಡ್ಡದರಿಂದ ಸಣ್ಣದಕ್ಕೆ ಇಳಿಯುವುದನ್ನು ಕಾಣುತ್ತೇವೆ. ಪೂಜೆಯ ಸಂಕಲ್ಪದ ಕ್ರಮವೂ ಹಾಗೆಯೇ.

ಸಮುದ್ರದಾಚೆಗೇಕೆ, ತುರ್ಭೆಯ ಮಾರುಕಟ್ಟೆಯಲ್ಲಿಯೇ ಕೇಳಿ ನೋಡಿರಿ. ಕೃಷ್ಣಾಷ್ಟಮಿ ನಮಗೂ ನೆರೆಯ ಮರಾಠಿ ಬಾಂಧವರಿಗೂ ಶ್ರಾವಣ ಬಹುಳ ಅಷ್ಟಮಿ. ನಮಗೆ ಮಾಸ ಅಮಾವಾಸ್ಯೆಗೆ ಮುಗಿಯುತ್ತದೆ. ಉತ್ತರ ಪ್ರದೇಶದಿಂದ ಬಂದವರಿಗೆ ಹುಣ್ಣಿಮೆಗೆ. ಆದುದರಿಂದ ಅವರಿಗೆ ಅದೇ ಅಷ್ಟಮಿ ಭಾದ್ರಪದದ್ದು. ಹೆಸರು ಬೇರೆಯಾದರೂ ಹಬ್ಬದ ದಿನ ಒಂದೇ. ಇದಕ್ಕಾಗಿ ಇಲ್ಲಿ ಯಾರೂ ಜಗಳವಾಡಿದ್ದಿಲ್ಲ; ಒಬ್ಬರನ್ನೊಬ್ಬರು ಕೇಳಿಕೊಂಡು ನಡೆಯುತ್ತೇವೆ.

ಆದುದರಿಂದ ನಮ್ಮ ವಿನಂತಿ ಇಷ್ಟೇ. ಚೆಕ್ಕಿನಲ್ಲಿ ಅಚ್ಚಾದ ಮನೆಗಳಂತೆಯೇ ತುಂಬಿರಿ. ಮಕ್ಕಳಿಗೆ, ಬೀಗರಿಗೆ, ಪರದೇಶದ ಗೆಳೆಯರಿಗೆ ಬರೆಯುವಾಗ ತಿಂಗಳನ್ನು ಅಂಕೆಯಲ್ಲಿ ಬರೆಯದೆ ಅಕ್ಷರದಲ್ಲಿ ಬರೆಯಿರಿ: 6 ಸೆಪ್ಟೆಂಬರ್. ಅವರ ತಾರೀಖು ಹೊಂದದಿದ್ದರೆ ಸಿಟ್ಟಾಗುವ ಮೊದಲು ವಾರ ಯಾವುದೆಂದು ಕೇಳಿರಿ. ನಾವೂ ಈಗ ಹೊಂದದ ಚೆಕ್ಕು ಬಂದರೆ, ಹಿಂದೆ ಸಾಲು ಎಷ್ಟೇ ಇರಲಿ, “ಇದನ್ನು ಯಾವಾಗ ಬರೆದರು?” ಎಂದು ಕೇಳಿಯೇ ಮುಂದಿನ ಮಾತಾಡುತ್ತೇವೆ.

ಆ ತಾಯಿಗೆ ಅಮೆರಿಕದಿಂದ ಬೇರೆ ಚೆಕ್ಕು ಬಂತು; ಕಣ್ಣಿನ ಆಪರೇಷನ್ನೂ ಆಯಿತು. ಈ ಸಲದ ಚೆಕ್ಕನ್ನು ಕಿಟಕಿಯಲ್ಲಿ ಕೊಡುವ ಮುನ್ನ ಅವರೇ, “ತಾರೀಖ ಸರಿ ಐತೇನು ನೋಡು ತಮ್ಮಾ” ಎಂದರು. ಸರಿಯಾಗಿತ್ತು.